ಉಪಚಾರ ತಿಳಿಯದವನು

ನಮ್ಮ ಕಡೆ ಮದುವೆ ಊಟಕ್ಕೆ ಕೂತವರು ಬೇಕಾದದ್ದನ್ನು ಬೇಕು ಎಂದು ಕೇಳುವುದಿಲ್ಲ. ಕೇಳಿದರೆ ಮಾನ ಹೋಯಿತು. ಒಬ್ಬಟ್ಟಿನ ತಟ್ಟೆ ಹತ್ತಿರ ಬರುತ್ತಿದ್ದ ಹಾಗೆ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು, 'ಅಯ್ಯಯ್ಯೋ ಸಾಕು, ಆಗಲ್ಲ, ಜಾಗ ಇಲ್ಲ' ಎಂದು ತಲೆ ಅಲ್ಲಾಡಿಸಬೇಕು. ಬಡಿಸುವವನು 'ಒಂದೇ ಒಂದು, ನನ್ ಮಾತಿಗೆ ಹಾಕ್ಸ್ಕೊಳ್ಳಿ' ಎಂದು ಬೆರಳುಗಳ ಸಂದಿಯಲ್ಲೇ ಎರಡು ತೂರಿಸಬೇಕು. ಆಮೇಲೆ ಕೂತವನು 'ಏನ್ರೀ ನೀವು, ವೇಸ್ಟ್ ಆಗಲ್ವಾ' ಎಂದು ರೇಗಿ, ಮೇಲೆ ತುಪ್ಪ ಹಾಕಿಸಿಕೊಂಡು, ಎರಡನ್ನೂ ಮುಗಿಸಿ, ಮತ್ತೆ ಕೈ ಅಡ್ಡ ಹಿಡಿಯಬೇಕು. ಇದಕ್ಕೆ ಉಪಚಾರ ಎಂದು ಹೆಸರು. ನನ್ನ ಅಕ್ಕನ ಗಂಡ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದಾರೆಂದರೆ, ಸ್ವಂತ ಮನೆಯಲ್ಲೂ ಅಕ್ಕ ಬಲವಂತ ಮಾಡದಿದ್ದರೆ ಅರೆಹೊಟ್ಟೆಯಲ್ಲೇ ಎದ್ದು, ಮಧ್ಯಾಹ್ನವೆಲ್ಲ ಮುಖ ಊದಿಸಿಕೊಂಡು ಕೂರುತ್ತಾರೆ.

ಇನ್ನು ಊಟಕ್ಕೆ ಕೂತವರು ಬೀಗರಾದರೆ ಕೇಳುವುದೇ ಬೇಡ. ಅವರು ಸಾಕು ಎಂದಷ್ಟೂ ಸುರಿಯಬೇಕು. ಸುರಿಯದಿದ್ದರೆ ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಕುಟುಂಬದಲ್ಲಿ ಓಡಾಡುತ್ತದೆ. ನಮ್ಮ ಅಜ್ಜಿಗೆ ಅವಳ ತವರಿನವರು ಕೊಟ್ಟ ಬಂಗಾರ ಯಾರಿಗೂ ನೆನಪಿಲ್ಲ. ಆ ಮದುವೆಯಲ್ಲಿ ಎರಡನೇ ಸಲ ಪಾಯಸ ಬರಲಿಲ್ಲ ಎನ್ನುವುದು ಎಲ್ಲರಿಗೂ ನೆನಪಿದೆ.

ನಾನು ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವವಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಳಾಗಿದ್ದು ರಿಟೈರಾದೆ. ಅಲ್ಲಿ ಗಂಡಸರ ಗತ್ತು ನೋಡಿ ನೋಡಿ ನನ್ನ ಬಾಯಿ ಜೋರಾಯಿತು ಎನ್ನುವುದು ನನ್ನ ವಾದ. ಹುಟ್ಟಿದಾಗಲೇ ಜೋರಿತ್ತು ಎನ್ನುವುದು ಅಕ್ಕನ ವಾದ. ಮನೆಯ ಹಿಂದೆ ಶೀಟು ಹೊದಿಸಿದ ಎರಡು ಕೋಣೆ ಇವೆ. ಅಲ್ಲಿ ಅಸ್ಸಾಮಿನ ಕಡೆಯ ಒಂದು ಸಂಸಾರ ಬಾಡಿಗೆಗಿತ್ತು. ಗಂಡ ಅಡುಗೆ ಕಾಂಟ್ರಾಕ್ಟರ್ ಒಬ್ಬನ ಬಳಿ ಒಬ್ಬಟ್ಟು ತಟ್ಟಿ ಬೇಯಿಸುವ ಕೆಲಸ ಮಾಡುತ್ತಿದ್ದ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಒಬ್ಬಳು ಪುಟ್ಟ ಮಗಳು. ನಮ್ಮ ಬೀದಿಯವರು ಅವನನ್ನು ನೇಪಾಳಿ ಎನ್ನುತ್ತಿದ್ದರು. 'ನೇಪಾಳ ಅಲ್ಲ ಕಣ್ರೀ, ಅಸ್ಸಾಂ, ನಮ್ಮ ದೇಶಾನೇ' ಎಂದರೆ, 'ಅದೇ ಬುಡಿ, ಎಲ್ಲಾ ಒಂದೇ ಥರ ಇರ್ತಾರೆ' ಎಂಬ ಉತ್ತರ ಬರುತ್ತಿತ್ತು. ಭೂಗೋಳದ ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ಗಂಡ ಹೆಂಡತಿಗೆ ಒಂದೇ ಒಂದು ವಿಷಯದಲ್ಲಿ ಜಗಳ. ಅವನ ಊರಿನ ಜಮೀನನ್ನು ಹೊಳೆ ಕೊಚ್ಚಿಕೊಂಡು ಹೋಗಿತ್ತು. ಅವನಿಗೆ ಇಲ್ಲೇ ಇದ್ದುಬಿಡುವ ಆಸೆ. ಮಗಳನ್ನು ಒಂದನೇ ಕ್ಲಾಸಿಗೆ ಇಲ್ಲಿಯ ಸ್ಕೂಲಿಗೇ ಸೇರಿಸಿದ್ದ. ಅವಳು ನನ್ನ ಜೊತೆ 'ಅಜ್ಜಿ, ಬತ್ತೀನಿ ತಡಿ' ಎಂದೇ ಮಾತಾಡುತ್ತಿದ್ದಳು. ಹೆಂಡತಿಗೆ ಮಾತ್ರ ವಾಪಸು ಹೋಗಬೇಕು ಎಂದು. 'ಇಲ್ಲಿ ನಮ್ಮನ್ನ ಯಾರೂ ಜನ ಅಂದ್ಕೊಳ್ಳಲ್ಲ' ಎಂದು ಅವಳು ಅರ್ಧಂಬರ್ಧ ಕನ್ನಡದಲ್ಲಿ ನನ್ನ ಮುಂದೆ ದೂರುತ್ತಿದ್ದಳು. ಅವನು ನಗುತ್ತಾ, 'ಅಂದ್ಕೋತಾರೆ ಅಮ್ಮ, ನಾವ್ ಚೆನ್ನಾಗಿದ್ರೆ ಅವ್ರೂ ಚೆನ್ನಾಗಿರ್ತಾರೆ' ಎನ್ನುತ್ತಿದ್ದ. ನನಗೂ ಅವನ ಮಾತೇ ನಿಜ ಅನ್ನಿಸುತ್ತಿತ್ತು.

ಅಕ್ಕನ ಮಗಳ ಮದುವೆ ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಗಂಡಿನ ಕಡೆಯವರು ಕುಣಿಗಲ್ಲಿನವರು. ಅಡುಗೆ ಇವನ ಕಾಂಟ್ರಾಕ್ಟರನದೇ. ಬಡಿಸುವುದಕ್ಕೆ ಈಗ ನಮ್ಮ ಹುಡುಗರು ಸಿಗುವುದಿಲ್ಲ. ಸಾರಿನ ಬಕೆಟ್ ಹಿಡಿದರೆ ಅವರ ಇಸ್ತ್ರಿ ಕೆಡುತ್ತದೆ. ಆದ್ದರಿಂದ ಬಡಿಸುವವರೆಲ್ಲ ಅಸ್ಸಾಂ, ಒಡಿಶಾ ಕಡೆಯವರು. ಭಾವ ಕಾಂಟ್ರಾಕ್ಟರನಿಗೆ ಮೊದಲೇ ಹೇಳಿದ್ದರು: 'ನೋಡಪ್ಪ, ಬೀಗರು ಮಠಕ್ಕೆ ನಡ್ಕೊಳ್ಳೋ ಜನ. ಬಡಿಸೋರು ನೋಡೋಕೆ ನಮ್ಮೋರ ಥರ ಇರ್ಬೇಕು.' ಅದಕ್ಕಾಗಿ ಎಲ್ಲರಿಗೂ ಬಿಳಿ ಪಂಚೆ ಉಡಿಸಿ, ಹೆಗಲಿಗೆ ಶಲ್ಯ ಹಾಕಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿಸಿದ್ದರು. ಎಷ್ಟು ಸುಲಭ ನೋಡಿ, ನಮ್ಮವರಾಗುವುದು!

ಆವತ್ತು ಬಡಿಸುವವರಲ್ಲಿ ಒಬ್ಬ ಕಡಿಮೆ ಬಿದ್ದ. ಒಬ್ಬಟ್ಟಿನ ಕಾವಲಿಯ ಮುಂದೆ ಕೂತಿದ್ದ ನಮ್ಮ ಹಿಂದಿನ ಮನೆಯವನನ್ನು ಎಬ್ಬಿಸಿ, ವಿಭೂತಿ ಹಚ್ಚಿ, ತಟ್ಟೆ ಕೈಗೆ ಕೊಟ್ಟು ಪಂಕ್ತಿಗೆ ಕಳಿಸಿದರು. ನನ್ನನ್ನು ನೋಡಿ ಹಲ್ಲು ಕಿರಿದು, 'ಹೆಂಗಿದೀನಿ ಅಮ್ಮ?' ಎಂದ. 'ನಮ್ ಭಾವಂಗಿಂತ ಚೆನ್ನಾಗ್ ಕಾಣ್ತೀಯ ಹೋಗೋ' ಎಂದೆ. ಕಾಂಟ್ರಾಕ್ಟರ್ ಅವನಿಗೆ ಹೇಳಿದ್ದು ಇಷ್ಟೇ: 'ಬಗ್ಗಿ ಬಡ್ಸು, ಎಲ್ರನ್ನೂ ಸರ್ ಅನ್ನು, ಸಾಕು ಅಂದೋರಿಗೆ ಹಾಕ್ಬೇಡ, ವೇಸ್ಟ್ ಆಗುತ್ತೆ.' ಅಷ್ಟು ವರ್ಷ ಒಲೆಯ ಮುಂದೆ ಕೂತವನಿಗೆ ಎಲೆಯ ಮುಂದೆ ಏನು ನಡೆಯುತ್ತದೆ ಎನ್ನುವುದು ಹೇಗೆ ಗೊತ್ತಿರಬೇಕು? ಭಾಷೆ ಕಲಿತಿದ್ದ, ಪಾಪ. ನಮ್ಮ ನಾಟಕ ಕಲಿತಿರಲಿಲ್ಲ.

ಮೊದಲ ಎಲೆಗೆ ಗಂಡಿನ ದೊಡ್ಡಪ್ಪ ಕೂತಿದ್ದರು. ಕುಣಿಗಲ್ ಕಡೆ ತೆಂಗಿನ ತೋಟ, ಅಕ್ಕಿ ಗಿರಣಿ ಇರುವ ಆಸಾಮಿ. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು, ಅವರೂ ತಮ್ಮನ್ನು ಹಾಗೇ ಅಂದುಕೊಂಡಿದ್ದರು. ನಾನು ಎದುರಿನ ಸಾಲಿನಲ್ಲಿ ತುಪ್ಪ ಬಡಿಸುತ್ತಿದ್ದೆ. ಇವನು ಮೊದಲ ಒಬ್ಬಟ್ಟು ಹಾಕಿದ. ಎರಡನೆಯದಕ್ಕೆ ಯಜಮಾನರು ಎರಡೂ ಕೈ ಅಡ್ಡ ಹಿಡಿದು 'ಸಾಕು ಸಾಕು' ಎಂದರು. ಇವನು ತಲೆ ಬಗ್ಗಿಸಿ, 'ಸರಿ ಸರ್' ಎಂದು ಪಕ್ಕದ ಎಲೆಗೆ ಹೋದ. ಯಜಮಾನರ ಕೈಗಳು ಸ್ವಲ್ಪ ಹೊತ್ತು ಎಲೆಯ ಮೇಲೆ ಹಾಗೇ ಉಳಿದವು. ಪಕ್ಕದಲ್ಲಿದ್ದ ಅವರ ತಮ್ಮನ ಮಗನೊಬ್ಬ ಸಾಕು ಅನ್ನುವುದನ್ನು ಮರೆತು ಸುಮ್ಮನಿದ್ದ. ಅವನಿಗೆ ಎರಡು ಬಿದ್ದವು.

ಎರಡನೇ ಸುತ್ತಿಗೆ ಬಂದವನು ನೆನಪಿಟ್ಟುಕೊಂಡಿದ್ದ, ಈ ದೊಡ್ಡವರು ಆಗಲೇ ಸಾಕು ಅಂದಿದ್ದಾರೆ, ಮತ್ತೆ ತೊಂದರೆ ಕೊಡಬಾರದು ಎಂದು. ಮರ್ಯಾದೆಯಿಂದಲೇ ಅವರ ಎಲೆ ದಾಟಿ ಮುಂದೆ ಹೋದ.

'ಏನ್ಲಾ, ನಾನಿಲ್ಲಿ ಕೂತಿರೋದು ಕಾಣಲ್ವಾ ನಿಂಗೆ?'

'ಕಾಣ್ತೀರ ಸರ್. ನೀವು ಆಗ್ಲೇ ಸಾಕು ಅಂದ್ರಿ. ಹಾಕ್ಲಾ?'

ಆ 'ಹಾಕ್ಲಾ' ಎಲ್ಲವನ್ನೂ ಕೆಡಿಸಿತು. ಸುಮ್ಮನೆ ಎಲೆಗೆ ಹಾಕಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಿಬಿಟ್ಟ. ಈಗ ಯಜಮಾನರು ಹಾಕು ಎನ್ನಬೇಕು, ಅಂದರೆ ಸೊಸೆಯ ತವರಿನವರ ಎದುರು ಒಬ್ಬಟ್ಟಿಗೆ ಬಾಯಿ ಬಿಡಬೇಕು. ಹಿಂದಿನ ಸಾಲಿನಲ್ಲಿ ನಮ್ಮ ಕಡೆಯ ಯಾರೋ ಕಿಸಕ್ಕನೆ ನಕ್ಕರು. ಯಜಮಾನರ ಕಿವಿ ಕೆಂಪಗಾಯಿತು. 'ಭಿಕ್ಷೆ ಹಾಕೋಕ್ ಬಂದಿದೀಯೇನ್ಲಾ ನನಗೆ?' ಎಂದು ಎಲೆ ಮಡಿಸಿ ಎದ್ದುಬಿಟ್ಟರು.

ಪಂಕ್ತಿಯಲ್ಲಿ ಹಿರಿಯರು ಎದ್ದರೆ ಉಳಿದವರು ಕೂರುವಂತಿಲ್ಲ. ಕುಣಿಗಲ್ಲಿನವರೆಲ್ಲ ಎದ್ದರು. ಕೆಲವರು ನಿಂತುಕೊಂಡೇ ಎಲೆಯಲ್ಲಿದ್ದ ಒಬ್ಬಟ್ಟನ್ನು ಬಾಯಿಗೆ ತುರುಕಿಕೊಂಡು, ಆಮೇಲೆ ಸಿಟ್ಟು ಮಾಡಿಕೊಂಡರು. ಭಾವ ಕೈ ಮುಗಿದುಕೊಂಡೇ ಓಡಿ ಬಂದರು. ಏನಾಯಿತು ಎಂದು ಅವರು ಯಾರನ್ನೂ ಕೇಳಲಿಲ್ಲ. 'ತಪ್ಪಾಯ್ತು ಬೀಗರೇ, ಹೊಟ್ಟೆಗ್ ಹಾಕ್ಕೊಳ್ಳಿ' ಎಂದು ಯಜಮಾನರಿಗೆ ಹೇಳಿ, ಆ ಮುಗಿದ ಕೈ ಬಿಡಿಸಿ ಇವನ ಕೆನ್ನೆಗೆ ಒಂದು ಬಾರಿಸಿದರು. ತಟ್ಟೆ ಕೆಳಗೆ ಬಿತ್ತು. ಬೀಗರನ್ನು ಸಮಾಧಾನ ಮಾಡಲು ಭಾವನಿಗೆ ಆ ಕ್ಷಣ ಅಷ್ಟೇ ತೋಚಿದ್ದು. ಇವನು ಕೆನ್ನೆ ಹಿಡಿದುಕೊಂಡು, 'ಸರ್, ಅವ್ರೇ ಕೈ ಅಡ್ಡ ಇಟ್ರು' ಎಂದ.

ನಿಜ ಹೇಳಿದ್ದು ಎರಡನೇ ಅಪರಾಧ. ಎರಡು ಒಬ್ಬಟ್ಟು ತಿಂದಿದ್ದ ಆ ತಮ್ಮನ ಮಗ ಮುಂದೆ ಬಂದು, ಇವನ ಗದ್ದ ಹಿಡಿದೆತ್ತಿ ಎಲ್ಲರಿಗೂ ತೋರಿಸಿದ. 'ಮುಖ ನೋಡ್ರಪ್ಪ ಇವ್ನ್ದು! ನೇಪಾಳಿ ನನ್ಮಗ, ನಮ್ ವಿಭೂತಿ ಹಚ್ಕೊಂಡ್ ಬಂದವ್ನೆ. ನಾಯಿ ತಿನ್ನೋ ಜನದ ಕೈಲಿ ನಮಗೆ ಊಟ ಹಾಕ್ಸಿದ್ದಾರೆ!'

ಬೆಳಗ್ಗೆ ತಿಂಡಿಯಿಂದ ಇಂಥವರ ಕೈಯಲ್ಲೇ ಬಡಿಸಿಕೊಂಡು ತಿಂದು ಡರ್ ಎಂದು ತೇಗಿದ್ದ ಜನಕ್ಕೆಲ್ಲ ಆಗ ಮುಖ ಕಾಣಿಸಿತು. ಒಬ್ಬಟ್ಟಿನ ವಿಷಯವನ್ನು ಅಲ್ಲಿಂದ ಮುಂದೆ ಯಾರೂ ಎತ್ತಲಿಲ್ಲ. ಮಾತು ಸಾಲಿನಿಂದ ಸಾಲಿಗೆ ಹೋಯಿತು. ಮಧ್ಯದ ಸಾಲಿನಲ್ಲಿ ಅವನು ಯಜಮಾನರಿಗೆ ಬೈದಿದ್ದ. ಬಾಗಿಲ ಹತ್ತಿರ ತಟ್ಟೆ ಎಸೆದಿದ್ದ. ಕೈ ತೊಳೆಯುವ ನಲ್ಲಿಯ ಹತ್ತಿರ ಯಜಮಾನರ ಮೇಲೇ ಕೈ ಮಾಡಿದ್ದ. ವಧೂವರರಿಗೆ ಕೈಕುಲುಕಿ ಕೆಳಗಿಳಿದ ಯಾರೋ ಒಬ್ಬರು ನನ್ನನ್ನೇ ನಿಲ್ಲಿಸಿ, 'ಚಾಕು ಇತ್ತಂತಲ್ರೀ?' ಎಂದು ಕೇಳಿದರು. 'ಇತ್ತು, ಈರುಳ್ಳಿ ಹೆಚ್ಚೋದು' ಎಂದು ಹೇಳಿ ಅಡುಗೆಮನೆಯ ಕಡೆ ಓಡಿದೆ.

ಇನ್ನೊಂದು ತಮಾಷೆ ಹೇಳಬೇಕು. ಹಿಂದಿನ ದಿನ ರಿಸೆಪ್ಷನ್ನಿನಿಂದ ಈ ಎರಡು ಕಡೆಯವರಿಗೂ ಕಿತ್ತಾಟ. ರೂಮಿಗೆ ಎ.ಸಿ. ಇಲ್ಲ, ಕಾಫಿ ತಣ್ಣಗಿದೆ, ಹುಡುಗಿಯ ಚಿಕ್ಕಮ್ಮ ಮಾತು ಜಾಸ್ತಿ ಆಡುತ್ತಾಳೆ. ಚಿಕ್ಕಮ್ಮ ಅಂದರೆ ನಾನೇ. ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಅಡುಗೆಮನೆಯ ಹಿಂದೆ ಹೋಗಿ ನೋಡಿದರೆ ಕುಣಿಗಲ್ಲಿನ ಹುಡುಗರೂ ನಮ್ಮ ಕಡೆಯ ಹುಡುಗರೂ ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಹೆಗಲು ಕೊಟ್ಟು, ಒಟ್ಟಿಗೆ ಹೊಡೆಯುತ್ತಿದ್ದರು. ಸಂಬಂಧ ಬೆಳೆದದ್ದು ಅಲ್ಲೇ.

ಮೂವರಿಗೆ ಹೊಡೆಯುತ್ತಿದ್ದರು. ಉಳಿದ ಇಬ್ಬರು ಪಂಕ್ತಿಯ ಕಡೆ ಬಂದವರೇ ಅಲ್ಲ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಇವನ್ಯಾರು, ಅವರ್ಯಾರು ಎಂದು ಗುರುತು ಹಿಡಿಯಲು ಇವರಿಗೆ ಆಗಿರಲಿಲ್ಲ. ಒಬ್ಬನ ಬೆನ್ನಿಗೆ ಸಾರಿನ ಸೌಟಿನಲ್ಲಿ ಬಾರಿಸುತ್ತಿದ್ದರು. 'ಇವ್ನೇನಾ ಕಣೋ?' ಎಂದು ಒಬ್ಬ ಕೇಳಿದರೆ, 'ಯಾವನಾದ್ರೇನ್ ಹೊಡಿಯಲೇ' ಎಂದು ಇನ್ನೊಬ್ಬ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಹೇಳಿದವನು ನನ್ನ ಸ್ವಂತ ಚಿಕ್ಕಪ್ಪನ ಮೊಮ್ಮಗ, ಎಂ.ಬಿ.ಎ. ಓದಿದವನು.

ನಮ್ಮ ಹಿಂದಿನ ಮನೆಯವನನ್ನು ಒಲೆಯ ಹತ್ತಿರ ಬಗ್ಗಿಸಿದ್ದರು. ಅವನೇ ಬೆಳಗಿನಿಂದ ಒಬ್ಬಟ್ಟು ಬೇಯಿಸಿದ್ದ ಕಾವಲಿ ಇನ್ನೂ ಉರಿಯ ಮೇಲಿತ್ತು. ಅವನ ಬಲಗೈ ಅದರ ಮೇಲಿತ್ತು. ನೂಕಾಟದಲ್ಲಿ ಕೈ ಬಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಬಿದ್ದ ಕೈಯನ್ನು ಮನುಷ್ಯ ತಕ್ಷಣ ಎಳೆದುಕೊಳ್ಳುತ್ತಾನೆ. ಅವನ ಮುಂಗೈಯನ್ನು ಆ ತಮ್ಮನ ಮಗ ಹಿಡಿದು ಒತ್ತಿದ್ದ. ನಾನು ನೋಡಿದ್ದೇನೆ. ಅವನು ಕಿರುಚಿದ್ದು ಕನ್ನಡದಲ್ಲಲ್ಲ. ಹೊಡೆಯುವವರಿಗೆ ಅದೂ ತಪ್ಪಾಗಿ ಕಂಡಿರಬೇಕು, 'ಕನ್ನಡದಲ್ಲಿ ಹೇಳಲೇ' ಎಂದು ಯಾರೋ ಕೂಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ಮಜ್ಜಿಗೆಯ ಬಕೆಟ್ಟನ್ನು ಎತ್ತಿ ಅವರ ಮೇಲೆ ಸುರಿದೆ. 'ಬಿಡ್ರೋ ಅವನ್ನ, ನಿಮ್ ವಂಶ ಹಾಳಾಗ!' ಎಂದು ಕಿರುಚಿದೆ. ರೇಷ್ಮೆ ಶರ್ಟುಗಳಿಗೆ ಮಜ್ಜಿಗೆ ಬಿದ್ದ ಕೂಡಲೇ ಎಲ್ಲರೂ ಹಿಂದೆ ಸರಿದರು. ಶರ್ಟು ಎಂದರೆ ಎಷ್ಟು ಕಾಳಜಿ! ಅವನನ್ನು ಎಬ್ಬಿಸಿ ಆಟೋ ಹತ್ತಿಸುವಾಗ ಭಾವ ಬಂದು ನನ್ನ ಕಿವಿಯಲ್ಲಿ, 'ನೀನ್ ಈಗ ಹೋಗ್ಬೇಡಮ್ಮ. ಬೀಗರು ಏನಂದ್ಕೋತಾರೆ? ಹುಡುಗೀನ್ ಕಳಿಸ್ಕೊಡೋ ಶಾಸ್ತ್ರ ಇದೆ' ಎಂದರು. ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕ ಅದಕ್ಕೆ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿದರು. ಬೆರಳು ಮೊದಲಿನ ಹಾಗೆ ಮಡಚುವುದು ಕಷ್ಟ, ನೋಡೋಣ ಎಂದರು ಡಾಕ್ಟರು. ಪೆಟ್ಟು ತಿಂದ ಉಳಿದಿಬ್ಬರು ಮಾರನೇ ದಿನವೇ ರೈಲು ಹತ್ತಿದರು. ಕಾಂಟ್ರಾಕ್ಟರ್ ಫೋನ್ ಎತ್ತುವುದನ್ನು ನಿಲ್ಲಿಸಿದ. ನಾನು ಪೊಲೀಸ್ ಕಂಪ್ಲೇಂಟ್ ಕೊಡೋಣ, ನಾನೇ ಸಾಕ್ಷಿ ಎಂದೆ. ಹೆಂಡತಿ ಹೂಂ ಎಂದಳು. ಅವನು ಒಪ್ಪಲಿಲ್ಲ.

'ಇಲ್ಲೇ ಇರ್ಬೇಕಲ್ಲ ಅಮ್ಮ. ಕೇಸ್ ಹಾಕಿ ಇಲ್ಲಿರೋಕಾಗುತ್ತಾ? ಅವ್ರು ಬಂದು ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬಿಡ್ಲಿ. ಸಾಕು. ನಾನು ಇರ್ತೀನಿ.'

'ಅನ್ನಲ್ಲ' ಎಂದಳು ಹೆಂಡತಿ.

'ಅಂತಾರೆ' ಎಂದ ಅವನು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ಒಂದೇ ಒಂದು ಮಾತು, ಅಷ್ಟಕ್ಕೆ ಅವನು ಎಲ್ಲ ಮರೆಯುತ್ತಾನಂತೆ ಎಂದು. 'ಯಜಮಾನರ ಹತ್ರ ಹೆಂಗೇ ಹೇಳೋದು, ಮಗಳು ಆ ಮನೇಲಿ ಬಾಳ್ಬೇಕು ಕಣೇ' ಎಂದು ಅಕ್ಕ ಅತ್ತಳು. ಅವಳ ಕಷ್ಟ ನನಗೆ ಅರ್ಥವಾಗದ್ದಲ್ಲ. ಆದರೆ ಅಡುಗೆಮನೆಯ ಹಿಂದಿನ ವಿಡಿಯೋ ಯಾರದೋ ಫೋನಿನಲ್ಲಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಒಂದು ಭಾನುವಾರ ಬೆಳಗ್ಗೆ ನಮ್ಮ ಗೇಟಿನ ಮುಂದೆ ಬಿಳಿ ಕಾರು ಬಂದು ನಿಂತಿತು. ಯಜಮಾನರು, ಭಾವ, ಜೊತೆಗೆ ಆ ತಮ್ಮನ ಮಗ. ಭಾವನ ಕೈಯಲ್ಲಿ ಹಣ್ಣಿನ ತಟ್ಟೆ, ತಟ್ಟೆಯ ಮೇಲೆ ಒಂದು ಶಾಲು.

ಹಿಂದಿನ ಮನೆಗೆ ಹೋಗಿ ಮಾತಾಡಿ ಎಂದರೆ ಯಜಮಾನರು ಶೀಟಿನ ಮನೆಯ ಕಡೆ ಒಂದು ಸಲ ನೋಡಿ, 'ಇಲ್ಲೇ ಕರೀರಿ' ಎಂದು ನನ್ನ ಸೋಫಾದಲ್ಲಿ ಕೂತರು. 'ಕಾಫಿ ಗೀಫಿ ಏನೂ ಬ್ಯಾಡ, ಟೈಮಿಲ್ಲ' ಎಂದರು. ಸರಿ ಎಂದು ಸುಮ್ಮನಾದೆ. ಅವರು ಎರಡು ಸಲ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಬೇಡ ಎಂದವರಿಗೆ ನಮ್ಮ ಮನೆಯಲ್ಲೂ ಹಾಕುವುದಿಲ್ಲ.

ಅವನು ಬಂದ. ಶುಭ್ರವಾದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದ. ಹೆಂಡತಿ ಬಾಗಿಲ ಹೊರಗೇ ನಿಂತಳು.

'ಏನಪ್ಪಾ, ಕೈ ಹೆಂಗಿದೆ?' ಎಂದರು ಯಜಮಾನರು.

'ಪರವಾಗಿಲ್ಲ ಸರ್.'

'ಆಗಿದ್ದು ಆಗೋಯ್ತು. ಹುಡುಗ್ರು, ಬಿಸಿರಕ್ತ. ನಾವೇನ್ ಜಾತಿ ಗೀತಿ, ಆ ರಾಜ್ಯ ಈ ರಾಜ್ಯ ಅಂತ ನೋಡೋರಲ್ಲ. ಒಬ್ಬಟ್ಟು ನೀನೇ ಮಾಡಿದ್ದಂತಲ್ಲಪ್ಪ? ಭಾಳ ಚೆನ್ನಾಗಿತ್ತು ಕಣಪ್ಪ.'

ಅವನು ಕಾಯುತ್ತಿದ್ದ. ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಯಜಮಾನರ ಬಾಯಿಂದ ಆ ಮಾತು ಬರಲಿಲ್ಲ. ಕೊನೆಗೆ ಅವನೇ, 'ಸರ್, ಒಂದ್ ಮಾತು ಹೇಳ್ಬಿಡಿ' ಎಂದ.

'ಯಾವ ಮಾತಪ್ಪ?' ಎಂದರು ಯಜಮಾನರು. ನಿಜವಾಗಿಯೂ ಅವರಿಗೆ ಗೊತ್ತಾಗಲಿಲ್ಲವೋ, ನಾಟಕವೋ, ನನಗೆ ಇವತ್ತಿಗೂ ತಿಳಿದಿಲ್ಲ. ಭಾವ ಅವಸರವಾಗಿ ಶಾಲು ಎತ್ತಿ ಯಜಮಾನರ ಕೈಗೆ ಕೊಟ್ಟರು. ಅವರು ಎದ್ದು ಅದನ್ನು ಮುಂದೆ ಚಾಚಿದರು.

ಅವನು ಎಡಗೈ ಚಾಚಿದ.

ಯಜಮಾನರ ಕೈ ನಡುವೆಯೇ ನಿಂತಿತು. ತಮ್ಮನ ಮಗ ಹಲ್ಲು ಕಚ್ಚಿ, 'ನೋಡಿ ದೊಡ್ಡಪ್ಪ, ಎಡಗೈಲಿ ಇಸ್ಕೊಳ್ಳೋಕ್ ಬತ್ತಾನೆ. ಇಷ್ಟಾದ್ರೂ ಬುದ್ಧಿ ಬಂದಿಲ್ಲ ಇವ್ನಿಗೆ' ಎಂದ. ಆ ಬಲಗೈಯನ್ನು ಕಾವಲಿಗೆ ಒತ್ತಿದವನು ಇವನೇ. ಅವನ ಧ್ವನಿಯಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ನೊಂದುಕೊಂಡಿದ್ದ.

ನಾನು ಬಾಯಿ ತೆಗೆಯುವುದರೊಳಗೆ ಭಾವ, 'ಶಾಸ್ತ್ರಕ್ಕೆ ಬಲಗೈ ಒಂಚೂರು ಮುಟ್ಸಪ್ಪ, ಸಾಕು' ಎಂದು ಮೆಲ್ಲಗೆ ಹೇಳಿದರು. ಅವನು ಬ್ಯಾಂಡೇಜಿನ ಕೈಯನ್ನು ನಿಧಾನವಾಗಿ ಎತ್ತಿ ಶಾಲಿನ ಕೆಳಗೆ ಹಿಡಿದ. ತುಟಿ ಕಚ್ಚಿಕೊಂಡಿದ್ದ. ಯಜಮಾನರಿಗೆ ಸಮಾಧಾನವಾಯಿತು, ಶಾಲು ಆ ಕೈಗಳ ಮೇಲೆ ಇಟ್ಟರು. ಆಗ ನಾನು, 'ಎದ್ದು ಹೋಗ್ರಿ ನನ್ನ ಮನೆಯಿಂದ! ಮನುಷ್ಯರೇನ್ರೀ ನೀವು?' ಎಂದು ಕಿರುಚಿದೆ. 'ಹೆಣ್ಮಕ್ಕಳ ಬಾಯಿ' ಎಂದು ಯಜಮಾನರು ಭಾವನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕೆಲಸ ಚೆನ್ನಾಗಿ ಮುಗಿಯಿತು ಎನ್ನುವ ಹಾಗೆಯೇ ಕಾರು ಹತ್ತಿದರು.

ಸಂಜೆ ಹಿಂದಿನ ಮನೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು ಕೇಳಿಸಿತು. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ನಾನು ಹೇಳಿದ್ದೆ ನೋಡು ಎಂದು ಅವಳು ಅನ್ನಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತಿದ್ದವನು ನನ್ನನ್ನು ನೋಡಿ ಎದ್ದು ನಿಂತ.

'ಅಮ್ಮ, ವರ್ಷದ ಮಧ್ಯ ಕೇಳಿದ್ರೆ ಮಗಳಿಗೆ ಸ್ಕೂಲಲ್ಲಿ ಟಿ.ಸಿ. ಕೊಡ್ತಾರಾ?'

'ಕೊಡ್ತಾರೆ' ಎಂದೆ. ಇರು ಎನ್ನುವ ಮುಖ ನನಗಿರಲಿಲ್ಲ.